ಅಜ್ಜಿ ಬೇಡವೆಂದ ಚಿತ್ರ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳ ಹಿಂದೆ ದೂರವಾಣಿಯಲ್ಲಿ ಯೋಗಕ್ಷೇಮ ವಿಚಾರಿಸುತ್ತ ಒಂದು ಪ್ರಶ್ನೆ ಕೇಳಿದ. ರಜೆಯಲ್ಲಿ ಕುಟುಂಬ ಸಮೇತನಾಗಿ ನವಾಹೋ ಜನರ ಸೀಮೆಯನ್ನು ನೋಡಿಬಂದಿದ್ದನಂತೆ. "ಸಾರ್, ಬೆಟ್ಟ ಬಂಡೆಗಳ ಫೋಟೋ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಆದರೆ ಮನುಷ್ಯರದ್ದಾಗಲಿ ಮನೆಗಳದ್ದಾಗಲಿ ತೆಗೆಯುವ ಮುನ್ನ ಅವರನ್ನು ಕೇಳಿ ಎಂದು ನಮ್ಮನ್ನು ಕರೆದೊಯ್ದವರು ಎಚ್ಚರಿಸಿದರು. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲಿ ಇಷ್ಟು ಬಿಗಿ ಏಕೆ?" ಎಂಬುದು ಅವನ ಪ್ರಶ್ನೆ.

ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವಂಥ ವಿಷಯ ಇದಲ್ಲ. ಆ ಬಿಗಿಯ ಹಿಂದೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಅರಿಯಲು ನನಗೆ ಅತ್ಯಂತ ಸಹಾಯಕವಾಗಿ ಕಂಡದ್ದು ಯುದ್ಧಗಳ ಪಟ್ಟಿಯೂ ಅಲ್ಲ, ಒಪ್ಪಂದಗಳ ಪಟ್ಟಿಯೂ ಅಲ್ಲ; ಆರ್ಲೀನ್ ಬೌಮನ್ ಎಂಬ ನವಾಹೋ ಮಹಿಳೆ 1986ರಲ್ಲಿ ಹೊರತಂದ, ಕೇವಲ ನಲವತ್ತು ನಿಮಿಷಗಳ ಒಂದು ಸಾಕ್ಷ್ಯಚಿತ್ರ. ಅದರ ಹೆಸರು ‘ನವಾಹೋ ಟಾಕಿಂಗ್ ಪಿಕ್ಚರ್’. ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಓದಲೆಂದು ಆ ಚಿತ್ರದ ಹಿನ್ನೆಲೆ ಮುನ್ನೆಲೆಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಜನರ ಪರಿಚಯ. ನಮ್ಮ ಶಾಲಾ ಪಾಠಗಳಲ್ಲಿ ಅಮೆರಿಕದ ಮೂಲನಿವಾಸಿಗಳೆಲ್ಲರೂ ‘ರೆಡ್ ಇಂಡಿಯನ್ನರು’ ಎಂಬ ಒಂದೇ ಹೆಸರಿನಲ್ಲಿ ಅಡಗಿಹೋಗುತ್ತಿದ್ದರು. ಇಂಡಿಯಾವನ್ನು ಹುಡುಕಿಹೊರಟ ಕೊಲಂಬಸನ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು ಅದೆಂಬುದನ್ನು ನೀವೆಲ್ಲ ಬಲ್ಲಿರಿ. ವಾಸ್ತವವಾಗಿ ಅಲ್ಲಿ ನೂರಾರು ಜನಾಂಗಗಳೂ ಅಷ್ಟೇ ಭಾಷೆಗಳೂ ಇವೆ. ಅವುಗಳಲ್ಲಿ ದೊಡ್ಡ ಜನಾಂಗಗಳಲ್ಲೊಂದು ನವಾಹೋ. ಅವರು ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ. ‘ಜನರು’ ಎಂದಷ್ಟೇ ಅದರ ಅರ್ಥ. ಅರಿಜೋನಾ, ನ್ಯೂ ಮೆಕ್ಸಿಕೋ ಮತ್ತು ಯೂಟಾ ರಾಜ್ಯಗಳಲ್ಲಿ ಹರಡಿರುವ ಅವರ ಸೀಮೆಯ ವಿಸ್ತೀರ್ಣ ಸುಮಾರು 71,000 ಚದರ ಕಿಲೋಮೀಟರು. ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ವಿಂಡೋ ರಾಕ್ ಅವರ ರಾಜಧಾನಿ. ತಾಯಿಯ ಕುಲವೇ ಮಕ್ಕಳ ಕುಲ. ಕುರಿ ಸಾಕಣೆ, ಉಣ್ಣೆಯ ನೇಯ್ಗೆ ಮತ್ತು ಬೆಳ್ಳಿ ಕೆಲಸ ಅವರ ಪ್ರಸಿದ್ಧ ಕಸುಬುಗಳು. ಮಗ್ಗದ ವಿದ್ಯೆಯನ್ನು ತಮಗೆ ಕಲಿಸಿದವಳು ಜೇಡರ ತಾಯಿಯೆಂದು ಅವರ ಪುರಾಣ ಹೇಳುತ್ತದೆ.

ಕುರಿ ಎಂಬ ಪ್ರಾಣಿಯನ್ನು ಈ ಲೇಖನದುದ್ದಕ್ಕೂ ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. 1863-64ರಲ್ಲಿ ಕಿಟ್ ಕಾರ್ಸನ್ ಎಂಬ ಸೇನಾಧಿಕಾರಿಯ ನೇತೃತ್ವದಲ್ಲಿ ಅಮೆರಿಕದ ಸೈನ್ಯ ನವಾಹೋಗಳ ಹೊಲಗಳನ್ನು ಸುಟ್ಟು, ಪೀಚ್ ಹಣ್ಣಿನ ತೋಟಗಳನ್ನು ಕಡಿದು, ಕುರಿಮಂದೆಗಳನ್ನು ನಾಶಮಾಡಿ ಅವರನ್ನು ಶರಣಾಗಿಸಿತು. ಬಳಿಕ ಸಾವಿರಾರು ಜನರನ್ನು ಮುನ್ನೂರು ಮೈಲಿಗೂ ಹೆಚ್ಚು ದೂರದ ಫೋರ್ಟ್ ಸಮ್ನರ್ ಎಂಬಲ್ಲಿಗೆ ನಡೆಸಿಕೊಂಡು ಹೋಗಿ ಸೆರೆಯಲ್ಲಿರಿಸಲಾಯಿತು. ಅದನ್ನು ಅವರು ‘ದೀರ್ಘ ನಡಿಗೆ’ ಎಂದು ಕರೆಯುತ್ತಾರೆ. ಹಸಿವಿನಿಂದಲೂ ರೋಗದಿಂದಲೂ ಎರಡು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತರು. 1868ರ ಜೂನ್ 1ರಂದು ಆದ ಒಪ್ಪಂದದಂತೆ ಉಳಿದವರು ತಮ್ಮ ನೆಲಕ್ಕೆ ಮರಳಿದರು. ಆ ಒಪ್ಪಂದದಲ್ಲಿ ಎರಡು ಅಂಶಗಳಿದ್ದವು. ಒಂದು, ಸರ್ಕಾರ ಅವರಿಗೆ ಹದಿನೈದು ಸಾವಿರ ಕುರಿ ಮೇಕೆಗಳನ್ನು ಕೊಡಿಸತಕ್ಕದ್ದು. ಎರಡು, ಅವರು ತಮ್ಮ ಮಕ್ಕಳನ್ನು ಸರ್ಕಾರ ಹೇಳಿದ ಶಾಲೆಗೆ ಕಳುಹಿಸತಕ್ಕದ್ದು.

ಮೊದಲನೆಯ ಅಂಶದಿಂದ ಬದುಕು ಮತ್ತೆ ಚಿಗುರಿತು. ಎರಡನೆಯದರಿಂದ ನಾಲಿಗೆ ಕತ್ತರಿಸಿತು. ವಸತಿ ಶಾಲೆಗಳಲ್ಲಿ ಮಕ್ಕಳು ತಾಯ್ನುಡಿಯಾಡಿದರೆ ಶಿಕ್ಷೆ ಕೊಡುತ್ತಿದ್ದರು. ಮೂವತ್ತೈದು ವರ್ಷ ಪಾಠ ಹೇಳಿದವನಾಗಿ ಈ ಸಂಗತಿಯನ್ನು ಓದುವಾಗಲೆಲ್ಲ ನನ್ನ ಕೈ ತಾನಾಗಿ ಪುಟ ಮಗುಚಲು ಹಿಂಜರಿಯುತ್ತದೆ. ಮನೆಯ ಮಾತನ್ನು ಅಪರಾಧವೆಂದು ಕಲಿಸುವುದು ಶಾಲೆಯ ಕೆಲಸವಾದಾಗ ಅದನ್ನು ಶಾಲೆಯೆನ್ನಲು ಮನಸ್ಸು ಬಾರದು. ಇದೇ ಭಾಷೆಯನ್ನು ಎರಡನೆಯ ಮಹಾಯುದ್ಧದಲ್ಲಿ, 1942ರಿಂದ, ಶತ್ರುವಿಗೆ ಅರ್ಥವಾಗದ ಸಂಕೇತಭಾಷೆಯಾಗಿ ಅದೇ ಸರ್ಕಾರ ಬಳಸಿಕೊಂಡದ್ದು ಇತಿಹಾಸದ ವಿಡಂಬನೆ.

1930ರ ದಶಕದಲ್ಲಿ ಕುರಿಗಳ ಮೇಲೆ ಮತ್ತೊಂದು ಪೆಟ್ಟು ಬಿತ್ತು. ಮಂದೆಗಳು ಹೆಚ್ಚಾಗಿ ಮೇವಿನ ನೆಲದ ಮಣ್ಣು ಕೊಚ್ಚಿಹೋಗುತ್ತಿದೆ, ಅದು ನದಿ ಸೇರಿ ಕೆಳಗಿನ ದೊಡ್ಡ ಅಣೆಕಟ್ಟಿನಲ್ಲಿ ಹೂಳು ತುಂಬೀತು ಎಂಬ ಕಾರಣವನ್ನು ಮುಂದಿಟ್ಟು ಸರ್ಕಾರ ಕುರಿಗಳ ಸಂಖ್ಯೆಯನ್ನು ಬಲವಂತವಾಗಿ ಇಳಿಸಿತು. ಎಷ್ಟೋ ಕುರಿಗಳನ್ನು ಒಡೆಯರ ಕಣ್ಣೆದುರೇ ಗುಂಡಿಟ್ಟು ಕೊಂದು ಅಲ್ಲಲ್ಲೇ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ನಮ್ಮ ಗಾದೆಯನ್ನು ನವಾಹೋ ಮುದುಕಿಯರಿಗೆ ಹೇಳಿದ್ದರೆ ಅರ್ಥ ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ.

ಇನ್ನು ಕ್ಯಾಮೆರಾದ ವಿಚಾರ. ನವಾಹೋಗಳತ್ತ ಕ್ಯಾಮೆರಾ ತಿರುಗಿಸಿದ ಪ್ರಸಿದ್ಧರಲ್ಲಿ ಎಡ್ವರ್ಡ್ ಕರ್ಟಿಸ್ ಒಬ್ಬರು. 1904ರಲ್ಲಿ ಅವರು ತೆಗೆದ ಒಂದು ಛಾಯಾಚಿತ್ರದಲ್ಲಿ ಕುದುರೆಯೇರಿದ ನವಾಹೋಗಳ ಸಾಲು ಕತ್ತಲೆಯತ್ತ ಸಾಗುತ್ತಿದೆ. ‘ಕಣ್ಮರೆಯಾಗುತ್ತಿರುವ ಜನಾಂಗ’ ಎಂದು ಅದಕ್ಕೆ ಹೆಸರಿಟ್ಟರು. ಚಿತ್ರದಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ಅವರು ಕಣ್ಮರೆಯೂ ಆಗಲಿಲ್ಲ. ಇಂದು ನವಾಹೋ ರಾಷ್ಟ್ರದ ಪಟ್ಟಿಯಲ್ಲಿರುವವರ ಸಂಖ್ಯೆ ಸುಮಾರು 4 ಲಕ್ಷ.

ಅನಂತರ ಬಂದದ್ದು ಹಾಲಿವುಡ್. ಜಾನ್ ಫೋರ್ಡ್ ಅವರ ‘ಸ್ಟೇಜ್‌ಕೋಚ್’ 1939ರಲ್ಲಿ ತೆರೆಕಂಡ ಮೇಲೆ ನವಾಹೋ ಸೀಮೆಯ ಮಾನ್ಯುಮೆಂಟ್ ವ್ಯಾಲಿಯ ಕೆಂಪು ಬಂಡೆಗಳನ್ನು ಲೋಕವೆಲ್ಲ ಗುರುತಿಸತೊಡಗಿತು. ಆ ಚಿತ್ರದಲ್ಲಿ ನವಾಹೋಗಳು ಅಪಾಚೆಗಳಾಗಿ ಕುದುರೆಯೇರಿ ಗುಂಡೇಟು ತಿಂದು ಬಿದ್ದರು. ಮುಂದಿನ ಚಿತ್ರಗಳಲ್ಲಿ ಬೇರೆ ಬೇರೆ ಜನಾಂಗಗಳ ಹೆಸರಿನಲ್ಲಿ ಬಿದ್ದರು. ಕೂಲಿ ಸಿಕ್ಕಿತು, ಹೆಸರು ಸಿಗಲಿಲ್ಲ. ಆದರೆ ಅವರೇನೂ ಪೆದ್ದರಾಗಿರಲಿಲ್ಲ. 1964ರ ‘ಎ ಡಿಸ್ಟೆಂಟ್ ಟ್ರಂಪೆಟ್’ ಎಂಬ ಚಿತ್ರದಲ್ಲಿ ಗಂಭೀರ ಮುಖಮುದ್ರೆಯ ನಾಯಕನೊಬ್ಬ ಬಿಳಿಯ ಅಧಿಕಾರಿಯೆದುರು ನಿಂತು ನವಾಹೋ ಭಾಷೆಯಲ್ಲಿ ಏನೋ ಘನವಾದ ಮಾತಾಡುತ್ತಾನೆ. ನಾಲ್ಕು ದಶಕಗಳ ಬಳಿಕ, 2009ರ ‘ರೀಲ್ ಇಂಜನ್’ ಎಂಬ ಸಾಕ್ಷ್ಯಚಿತ್ರ ಆ ಮಾತಿಗೆ ಅಡಿಬರಹ ಹಾಕಿ ತೋರಿಸಿದಾಗ ಗೊತ್ತಾಯಿತು, ಅದು ಅಧಿಕಾರಿಗೆ ಹಾಕಿದ ಹಸಿಹಸಿ ಬೈಗುಳವೆಂದು! ಭಾಷೆ ಬಾರದವರು ಚಿತ್ರ ತೆಗೆದರೆ ಹೀಗೆಯೇ ಆಗುವುದು.

ಕ್ಯಾಮೆರಾ ಮೊದಲ ಸಲ ನವಾಹೋಗಳ ಕೈಗೆ ಕ್ರಮವಾಗಿ ಬಂದದ್ದು 1966ರ ಬೇಸಿಗೆಯಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೋಲ್ ವರ್ತ್ ಎಂಬ ಸಂವಹನ ವಿದ್ವಾಂಸರೂ ನವಾಹೋಗಳನ್ನು ಬಹುಕಾಲ ಅಧ್ಯಯನ ಮಾಡಿದ್ದ ಜಾನ್ ಅಡೇರ್ ಎಂಬ ಮಾನವಶಾಸ್ತ್ರಜ್ಞರೂ ಅರಿಜೋನಾದ ಪೈನ್ ಸ್ಪ್ರಿಂಗ್ಸ್ ಎಂಬ ಊರಿಗೆ 16 ಮಿಲಿಮೀಟರಿನ ಕ್ಯಾಮೆರಾಗಳನ್ನು ತಂದರು. ಯಂತ್ರವನ್ನು ನಡೆಸುವುದನ್ನು ಮಾತ್ರ ಕಲಿಸಿ, ಯಾವ ವಿಷಯವನ್ನು ಹೇಗೆ ತೆಗೆಯಬೇಕೆಂಬುದನ್ನು ಕಲಿಯುವವರಿಗೇ ಬಿಡುವುದು ಅವರ ಯೋಜನೆ. ಇನ್ನೊಂದು ಜನಾಂಗ ಲೋಕವನ್ನು ಹೇಗೆ ನೋಡುತ್ತದೆಂಬುದನ್ನು ಅವರು ತೆಗೆದ ಚಿತ್ರದಿಂದಲೇ ತಿಳಿಯಬೇಕೆಂಬುದು ಉದ್ದೇಶ.

ಊರಿನ ಒಪ್ಪಿಗೆ ಪಡೆಯಲು ಅವರು ಸ್ಯಾಮ್ ಯಾಜಿ ಎಂಬ ಹಿರಿಯ ವೈದ್ಯರ ಬಳಿಗೆ ಹೋದರು. ಮಂತ್ರ, ಹಾಡು, ಮರಳಿನ ಚಿತ್ರಗಳ ಮೂಲಕ ರೋಗ ಕಳೆಯುವ ಸಂಪ್ರದಾಯದವರು ಅವರು. ಯೋಜನೆಯ ವಿವರವನ್ನೆಲ್ಲ ಕೇಳಿದ ಮೇಲೆ, ಇದರಿಂದ ಕುರಿಗಳಿಗೇನಾದರೂ ಕೆಡುಕಾಗುವುದೇ ಎಂದು ಯಾಜಿ ವಿಚಾರಿಸಿದರು. ಇಲ್ಲವೆಂದರು ವಿದ್ವಾಂಸರು. ಹಾಗಾದರೆ ಕುರಿಗಳಿಗೇನಾದರೂ ಒಳಿತಾಗುವುದೇ ಎಂದು ಕೇಳಿದರು. ಅದೂ ಇಲ್ಲವೆಂದರು. ಅಂದಮೇಲೆ ಚಿತ್ರವನ್ನೇಕೆ ತೆಗೆಯಬೇಕು ಎಂಬುದು ವೃದ್ಧರ ಕೊನೆಯ ಪ್ರಶ್ನೆ. ಕುರಿಗಳ ಇತಿಹಾಸ ತಿಳಿಯದವರಿಗೆ ಇದು ಹಳ್ಳಿಯವನೊಬ್ಬನ ಮುಗ್ಧ ಮಾತೆನಿಸೀತು. ಹೊರಗಿನವರು ಬಂದಾಗಲೆಲ್ಲ ಮಂದೆ ಕಳೆದುಕೊಂಡ ಜನರ ಹಿರಿಯರು ಕೇಳಬೇಕಾದ ಮೊದಲ ಪ್ರಶ್ನೆ ಅದೇ ಆಗಿತ್ತು.

ಆ ಬೇಸಿಗೆಯಲ್ಲಿ ಹಲವು ಮೂಕಿ ಚಿತ್ರಗಳು ತಯಾರಾದವು. ಜಾನಿ ನೆಲ್ಸನ್ ಬೆಳ್ಳಿ ಕೆಲಸದವರ ಬಗ್ಗೆಯೂ ಊರ ಬಾವಿಯ ಬಗ್ಗೆಯೂ ಚಿತ್ರ ತೆಗೆದರು. ಸೂಸಿ ಬೆನಲಿ ಎಂಬ ತರುಣಿ ನೇಯ್ಗೆಯಲ್ಲಿ ನಿಪುಣರಾದ ತಮ್ಮ ತಾಯಿಯನ್ನೇ ಚಿತ್ರಿಸಿದರು. ಹೆಸರು ‘ನವಾಹೋ ನೇಯ್ಗೆಯವಳು’ ಎಂದಾದರೂ ಚಿತ್ರದ ಬಹುಭಾಗದಲ್ಲಿ ಮಗ್ಗ ಕಾಣುವುದಿಲ್ಲ. ಕುರಿ ಮೇಯುತ್ತದೆ, ಉಣ್ಣೆ ಕತ್ತರಿಸುತ್ತಾರೆ, ಬಣ್ಣಕ್ಕೂ ತೊಳೆಯುವುದಕ್ಕೂ ಬೇಕಾದ ಗಿಡ ಬೇರುಗಳನ್ನು ಅರಸುತ್ತ ತಾಯಿ ನಡೆಯುತ್ತಾಳೆ, ನೂಲುತ್ತಾಳೆ. ಅವರ ಲೆಕ್ಕದಲ್ಲಿ ನೇಯ್ಗೆಯೆಂದರೆ ಮಗ್ಗದ ಮುಂದೆ ಕುಳಿತ ಹೊತ್ತಷ್ಟೇ ಅಲ್ಲ. ಮುಖವನ್ನು ತೀರ ಹತ್ತಿರದಿಂದ ತೋರಿಸುವ ದೃಶ್ಯಗಳು ಈ ಚಿತ್ರಗಳಲ್ಲಿ ವಿರಳವೆಂಬುದನ್ನೂ ವಿದ್ವಾಂಸರು ಗಮನಿಸಿದರು. ಒಬ್ಬರ ಮುಖವನ್ನು ದಿಟ್ಟಿಸಿ ನೋಡುವುದು ನವಾಹೋಗಳಲ್ಲಿ ಮರ್ಯಾದೆಯಲ್ಲ. ಕೈಗೆ ಕ್ಯಾಮೆರಾ ಬಂದರೂ ಆ ಮರ್ಯಾದೆ ಬಿಟ್ಟುಹೋಗಲಿಲ್ಲ.

ಇದರ ಮುಂದಿನ ಭಾಗ ಇನ್ನೂ ಸೊಗಸಾಗಿದೆ. ಸೂಸಿಯ ತಾಯಿ ಆಲ್ಟಾ ಕಾನ್ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಗಳಿಂದ ನವಾಹೋ ಭಾಷೆಯಲ್ಲಿಯೇ ಕ್ಯಾಮೆರಾ ಕಲಿತ ಆ ತಾಯಿ, ಮಗಳು ನೇಯುವುದನ್ನು ತಾವು ಚಿತ್ರಿಸಿದರು. ತಾಯಿ ಮಗಳು ಪರಸ್ಪರ ಜಾಗ ಬದಲಿಸಿದರು. ಯಾಜಿಯವರ ಮೊಮ್ಮಕ್ಕಳಾದ ಮ್ಯಾಕ್ಸೀನ್ ಮತ್ತು ಮೇರಿ ಜೇನ್ ಸೋಸಿ ಸಹೋದರಿಯರು ತಮ್ಮ ಅಜ್ಜನ ವಿದ್ಯೆಯನ್ನೇ ಚಿತ್ರದ ವಸ್ತುವಾಗಿಸಿಕೊಂಡರು. ಕುರಿಗಳ ಪ್ರಶ್ನೆ ಕೇಳಿದ ಅಜ್ಜ ಮೊಮ್ಮಕ್ಕಳ ಕ್ಯಾಮೆರಾದೆದುರು ತಾವಾಗಿ ನಿಂತರು. ವರ್ತ್ ಮತ್ತು ಅಡೇರ್ ಈ ಪ್ರಯೋಗವನ್ನು ಕುರಿತು 1972ರಲ್ಲಿ ‘ಥ್ರೂ ನವಾಹೋ ಐಸ್’ ಎಂಬ ಗ್ರಂಥ ಪ್ರಕಟಿಸಿದರು. 2002ರಲ್ಲಿ ಈ ಚಿತ್ರಗಳು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದವು.

ಪೈನ್ ಸ್ಪ್ರಿಂಗ್ಸಿನ ಹುಡುಗ ಹುಡುಗಿಯರು ಊರಿನಲ್ಲಿದ್ದು, ಊರಿನ ಮಾತಾಡುತ್ತ ಚಿತ್ರ ತೆಗೆದವರು. ಇಪ್ಪತ್ತು ವರ್ಷಗಳ ಬಳಿಕ ಬಂದ ಆರ್ಲೀನ್ ಬೌಮನ್ ಅವರ ಸ್ಥಿತಿ ಬೇರೆ. 1950ರ ದಶಕದಿಂದ ಸರ್ಕಾರ ಮೂಲನಿವಾಸಿಗಳನ್ನು ಊರು ಬಿಡಿಸಿ ನಗರಗಳಿಗೆ ಸಾಗಿಸುವ ನೀತಿಯನ್ನು ಕೈಗೊಂಡಿತ್ತು. ವಸತಿ ಶಾಲೆ, ನಗರವಾಸ ಇವೆರಡರ ಫಲವಾಗಿ ತಾಯ್ನುಡಿ ಅರಿಯದ ಒಂದು ಪೀಳಿಗೆ ಬೆಳೆದುನಿಂತಿತ್ತು. ಬೌಮನ್ ಹೊರಗಿನ ಸಮಾಜದ ರೀತಿಯಲ್ಲಿ ಬೆಳೆದವರು. ಅವರಿಗೆ ನವಾಹೋ ಭಾಷೆ ಬರುತ್ತಿರಲಿಲ್ಲ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ವಿದ್ಯಾರ್ಥಿನಿಯಾಗಿದ್ದಾಗ, ಅರಿಜೋನಾದ ಲೋಯರ್ ಗ್ರೀಸ್‌ವುಡ್ ಎಂಬಲ್ಲಿ ಹಳೆಯ ರೀತಿಯಲ್ಲಿ ಬಾಳುತ್ತಿದ್ದ ತಮ್ಮ ಅಜ್ಜಿಯ ಜೀವನಕ್ರಮವನ್ನು ದಾಖಲಿಸಬೇಕೆಂದು ಹೊರಟರು. ಉದ್ದೇಶ ಒಳ್ಳೆಯದೇ. ಕರ್ಟಿಸ್ ಅಲ್ಲ, ಜಾನ್ ಫೋರ್ಡ್ ಅಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ಸ್ವಂತ ಮೊಮ್ಮಗಳು ಬಂದಿದ್ದಾಳೆ. ಇನ್ನೇನು ಅಡ್ಡಿ ಇದ್ದೀತು?

ಅಜ್ಜಿ ಬೇಡವೆಂದರು.

ತಮ್ಮನ್ನು ಚಿತ್ರಿಸುವುದು ತಮಗೆ ಇಷ್ಟವಿಲ್ಲವೆಂದು ಅವರು ಬಲವಾಗಿಯೇ ತಿಳಿಸಿದರು. ಮೊಮ್ಮಗಳು ಬಿಡಲಿಲ್ಲ. ದುಭಾಷಿಯ ಮೂಲಕ ಕೇಳಿದರು, ಒಲಿಸಲು ನೋಡಿದರು, ಚಿತ್ರೀಕರಣವನ್ನು ಮುಂದುವರಿಸಿದರು. ನಮ್ಮ ಸಂಸಾರಗಳಲ್ಲಿಯೂ ಇಂಥ ಜಗ್ಗಾಟ ಹೊಸದಲ್ಲ. ಆದರೆ ಇಲ್ಲಿ ಮೊಮ್ಮಗಳ ಕೈಯಲ್ಲಿದ್ದದ್ದು ಯಾವ ಯಂತ್ರ ಎಂಬುದು ಮುಖ್ಯ. ಎಂಬತ್ತು ವರ್ಷಗಳಿಂದ ಅಪರಿಚಿತರು ಕೇಳದೆ ತಿರುಗಿಸಿದ ಯಂತ್ರವದು. ಇದೀಗ ರಕ್ತಸಂಬಂಧಿಯೇ ತಂದಿದ್ದಾಳೆ. ಅಜ್ಜಿಯ ಕಣ್ಣಿಗೆ ಯಂತ್ರದ ಸ್ವಭಾವ ಬದಲಾಗಿ ಕಾಣಲಿಲ್ಲ.

ಚಿತ್ರದ ಹೆಸರಿನ ಮೇಲೆ ಸ್ವಲ್ಪ ಯೋಚಿಸಿ ನೋಡಿ. ‘ಟಾಕಿಂಗ್ ಪಿಕ್ಚರ್’ ಎಂದರೆ ಮಾತಾಡುವ ಚಿತ್ರ, ನಮ್ಮ ಹಿರಿಯರ ಬಾಯಲ್ಲಿ ಟಾಕಿ. ಪೈನ್ ಸ್ಪ್ರಿಂಗ್ಸಿನ ಚಿತ್ರಗಳು ಮೂಕಿಗಳು. ಆದರೆ ಅಲ್ಲಿ ತಾಯಿಗೂ ಮಗಳಿಗೂ ಮಾತಿತ್ತು. ಬೌಮನ್ ಅವರದು ಮಾತಿನ ಚಿತ್ರ. ಇಲ್ಲಿ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಮಾತಿಲ್ಲ. ಶಾಲೆಯೆಂಬ ಹೆಸರಿನ ಸಂಸ್ಥೆಗಳು ಒಂದು ಶತಮಾನ ನಡೆಸಿದ ಕೆಲಸದ ಫಲ ಈ ಒಂದು ಕುಟುಂಬದ ಅಂಗಳದಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಯಾವ ಅಂಕಿಅಂಶವೂ ಅದನ್ನು ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಚಿತ್ರ ಹೊರಬಂದ ಮೇಲೆ ತೀಕ್ಷ್ಣವಾದ ಟೀಕೆಗಳು ಬಂದವು. ವೃದ್ಧೆಯೊಬ್ಬರ ಏಕಾಂತವನ್ನು ಮೊಮ್ಮಗಳೇ ಕೆಡಿಸಿದಳೆಂದು ಹಲವರು ಸಿಟ್ಟಾದರು. ಮಾನವಶಾಸ್ತ್ರಜ್ಞರ ಚಿತ್ರಗಳೆಲ್ಲ ಒಳಗೊಳಗೆ ಹೀಗೆಯೇ ಇರುತ್ತವೆ, ಇದು ಅವುಗಳ ಬಣ್ಣ ಬಯಲು ಮಾಡಿದೆ ಎಂದು ಮತ್ತೆ ಕೆಲವರು ಸಮರ್ಥಿಸಿದರು. ರ‍್ಯಾಂಡಾಲ್ಫ್ ಲೂಯಿಸ್ ಎಂಬ ವಿದ್ವಾಂಸರು 2012ರಲ್ಲಿ ಈ ಒಂದೇ ಚಿತ್ರವನ್ನು ಕುರಿತು ಒಂದು ಇಡೀ ಪುಸ್ತಕ ಬರೆದರು. ನಲವತ್ತು ನಿಮಿಷದ ವಿದ್ಯಾರ್ಥಿ ಚಿತ್ರವೊಂದಕ್ಕೆ ಕಾಲು ಶತಮಾನದ ನಂತರವೂ ಇಂಥ ಗಮನ ದೊರೆಯುವುದು ಅಪರೂಪ.

ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಅಜ್ಜಿ ಬೇಡವೆಂದಾಗ ಕ್ಯಾಮೆರಾ ಕೆಳಗಿಳಿಯಬೇಕಾಗಿತ್ತು. ಹಿರಿಯರ ಮಾತಿಗೆ ಅಷ್ಟು ಬೆಲೆಯಿರಬೇಕು. ಆದರೆ ಬೌಮನ್ ಮಾಡಿದ ಇನ್ನೊಂದು ಕೆಲಸವನ್ನು ಟೀಕಾಕಾರರು ಸಾಕಷ್ಟು ಗಮನಿಸಲಿಲ್ಲವೇನೋ ಎನ್ನಿಸುತ್ತದೆ. ಸಂಕಲನದ ಮೇಜಿನ ಮುಂದೆ ಕುಳಿತಾಗ ಅಜ್ಜಿಯ ನಿರಾಕರಣೆಯನ್ನೆಲ್ಲ ಕತ್ತರಿಸಿ ಎಸೆಯುವುದು ಅವರಿಗೆ ಕಷ್ಟವಿರಲಿಲ್ಲ. ಉಳಿದ ತುಣುಕುಗಳನ್ನು ಜೋಡಿಸಿ, ಇಂಪಾದ ಸಂಗೀತ ಸೇರಿಸಿ, ಸುಂದರ ಸಂಪ್ರದಾಯದ ಚಿತ್ರವೊಂದನ್ನು ಸಿದ್ಧಪಡಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅಜ್ಜಿಯ ಅಸಮ್ಮತಿಯನ್ನು ಉಳಿಸಿದರು. ತಮ್ಮ ಹಟವನ್ನೂ ಗೊಂದಲವನ್ನೂ ಉಳಿಸಿದರು. ಕರ್ಟಿಸ್ ಅವರ ಸಾವಿರಾರು ಛಾಯಾಚಿತ್ರಗಳಲ್ಲಿ ಎಷ್ಟು ಮಂದಿ ಬೇಡವೆಂದಿದ್ದರೋ ಚಿತ್ರಗಳು ಹೇಳುವುದಿಲ್ಲ. ಹಾಲಿವುಡ್ಡಿನ ಚಿತ್ರಗಳಂತೂ ಹೇಳುವುದೇ ಇಲ್ಲ. ಬೇಡವೆಂಬ ಮಾತನ್ನು, ಅದೂ ತನ್ನ ವಿರುದ್ಧವೇ ಸಾಕ್ಷಿಯಾಗುವ ಮಾತನ್ನು, ಅಳಿಸದೆ ಲೋಕದ ಮುಂದಿಟ್ಟ ನವಾಹೋ ಚಿತ್ರವೆಂದರೆ ಇದು. ಅಜ್ಜಿ ಒಪ್ಪಲಿಲ್ಲವೆಂದು ನಮಗೆ ತಿಳಿದಿರುವುದು ಮೊಮ್ಮಗಳು ಮುಚ್ಚಿಡಲಿಲ್ಲವಾದ್ದರಿಂದ. ಇತಿಹಾಸದ ವಿದ್ಯಾರ್ಥಿಗೆ ಇಂಥ ದಾಖಲೆ ಬಹಳ ಬೆಲೆಯುಳ್ಳದ್ದು.

ಬೌಮನ್ ಅವರ ಮುಂದಿನ ಮುಖ್ಯ ಚಿತ್ರ ‘ಸಾಂಗ್ ಜರ್ನಿ’ ಬಂದದ್ದು 1994ರಲ್ಲಿ, ಎಂಟು ವರ್ಷಗಳ ನಂತರ. ಸ್ಟುಡಿಯೋಗಳ ಆಶ್ರಯವಿಲ್ಲದೆ, ಅಲ್ಲಲ್ಲಿ ಸಿಕ್ಕ ನೆರವಿನಿಂದ ಕೆಲಸ ಮಾಡುವ ಸ್ವತಂತ್ರ ಚಿತ್ರಕಾರರ ಬಾಳಿನಲ್ಲಿ ಇಂಥ ಅಂತರ ಸಾಮಾನ್ಯ. ಚಿತ್ರಮಂದಿರಗಳಲ್ಲಿ ಇಂಥ ಚಿತ್ರಗಳು ಓಡುವುದಿಲ್ಲ. ನ್ಯೂಯಾರ್ಕಿನ ‘ವಿಮೆನ್ ಮೇಕ್ ಮೂವೀಸ್’ ಎಂಬ ಸಂಸ್ಥೆ, ಮಹಿಳೆಯರ ಚಿತ್ರಗಳಿಗಾಗಿಯೇ 1972ರಲ್ಲಿ ಆರಂಭವಾದದ್ದು, ಬೌಮನ್ ಅವರ ಚಿತ್ರಗಳ ವಿತರಣೆಯನ್ನು ವಹಿಸಿಕೊಂಡಿತು. ಕಾಲೇಜುಗಳು, ಗ್ರಂಥಾಲಯಗಳು, ಸಣ್ಣ ಉತ್ಸವಗಳೇ ಇವುಗಳ ಪ್ರೇಕ್ಷಕಾಂಗಣ.

‘ಸಾಂಗ್ ಜರ್ನಿ’ಯ ವಸ್ತು ಪೌವೌ ಎಂಬ ಕೂಟಗಳಲ್ಲಿ ನಗಾರಿ ಬಾರಿಸಿ ಹಾಡುವ ಮಹಿಳೆಯರು. ಹಲವು ಜನಾಂಗಗಳು ಸೇರಿ ಹಾಡಿ ಕುಣಿಯುವ ಜಾತ್ರೆಯಂಥ ಸಮಾವೇಶಗಳಿವು. ನಗಾರಿಯ ಸುತ್ತ ಕುಳಿತು ಹಾಡುವುದು ಬಹುಮಟ್ಟಿಗೆ ಗಂಡಸರ ಹಕ್ಕೆಂದು ರೂಢಿಯಲ್ಲಿತ್ತು. ಆ ರೂಢಿಯನ್ನು ಮೀರಿದ ಹೆಂಗಸರನ್ನು ಅರಸುತ್ತ ಬೌಮನ್ ಊರೂರು ಸುತ್ತಿದರು. ಮೊದಲ ಚಿತ್ರದಲ್ಲಿ ಅವರು ಕಾಣಹೋದದ್ದು ಕಾಣಿಸಿಕೊಳ್ಳಲೊಲ್ಲದ ಒಬ್ಬ ಹೆಂಗಸನ್ನು. ಈ ಚಿತ್ರದಲ್ಲಿ ಕೇಳಹೋದದ್ದು ತಮ್ಮ ದನಿ ನಾಲ್ಕು ಜನರಿಗೆ ಕೇಳಬೇಕೆಂದು ಹಾಡುವ ಹೆಂಗಸರನ್ನು. ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಬ್ಬ ಕಲಾವಿದೆಯ ನಡೆ ಯಾವ ದಿಕ್ಕಿಗೆ ಸಾಗಿತೆಂಬುದು ತಿಳಿಯುತ್ತದೆ. ಮುಂದೆ ಅವರು ಕೆನಡಾದ ವ್ಯಾಂಕೂವರಿನಲ್ಲಿ ನೆಲೆಸಿ ಕೆಲಸ ಮುಂದುವರಿಸಿದರು. ದೊಡ್ಡ ಹೆಸರಾಗಲಿ ದೊಡ್ಡ ಹಣವಾಗಲಿ ಆ ದಾರಿಯಲ್ಲಿರಲಿಲ್ಲ.

ಬೌಮನ್ ಅವರ ನಂತರ ಬಂದ ನವಾಹೋ ಚಿತ್ರಕಾರರು ಹಲವರು. ವಿಶೇಷವೆಂದರೆ ಅಜ್ಜಿ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. ಬ್ಲ್ಯಾಕ್‌ಹಾರ್ಸ್ ಲೋ ಎಂಬುವರು 2009ರಲ್ಲಿ ತೆಗೆದ ಕಿರುಚಿತ್ರದ ಹೆಸರೇ ‘ಶಿಮಾಸಾನಿ’. ನವಾಹೋ ಭಾಷೆಯಲ್ಲಿ ‘ನನ್ನ ತಾಯಿಯ ತಾಯಿ’ ಎಂದರ್ಥ. ಬೌಮನ್ ಎಲ್ಲಿ ತಡವರಿಸಿದ್ದರೋ ಅಲ್ಲಿಯೇ ದಾರಿ ಕಂಡುಕೊಂಡವರು ಬಿಲ್ಲಿ ಲೂಥರ್. ಅವರ ಮೊದಲ ಸಾಕ್ಷ್ಯಚಿತ್ರ ‘ಮಿಸ್ ನವಾಹೋ’ 2007ರಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ತೆರೆಕಂಡಿತು. ಹೆಸರು ಕೇಳಿ ಸೌಂದರ್ಯ ಸ್ಪರ್ಧೆಯೆಂದು ಮೂಗು ಮುರಿಯಬೇಡಿ. 1952ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಹುಡುಗಿಯರು ಕುರಿಯನ್ನು ತಾವೇ ಕೊಯ್ದು ಹಸನು ಮಾಡಬೇಕು, ರೊಟ್ಟಿ ಕರಿಯಬೇಕು, ಕೇಳಿದ ಪ್ರಶ್ನೆಗಳಿಗೆ ನವಾಹೋ ಭಾಷೆಯಲ್ಲಿ ಉತ್ತರಿಸಬೇಕು. ಭಾಷೆ ಸರಿಯಾಗಿ ಬಾರದ ಹುಡುಗಿಯೊಬ್ಬಳು ಆ ಪ್ರಶ್ನೆಗಳೆದುರು ನಿಲ್ಲುವ ಗಳಿಗೆಯೇ ಈ ಚಿತ್ರದ ಜೀವ. ಅವಳನ್ನು ಕೀಳಾಗಿಸದೆ, ಹಿಂದಿನ ವಿಜೇತೆಯರ ಮಾತುಗಳ ಜೊತೆಗಿಟ್ಟು ಲೂಥರ್ ಕಥೆ ಹೇಳುತ್ತಾರೆ. ಆ ವಿಜೇತೆಯರಲ್ಲಿ ನಿರ್ದೇಶಕರ ತಾಯಿ ಸಾರಾ ಜಾನ್ಸನ್ ಲೂಥರ್ ಅವರೂ ಒಬ್ಬರು. ಅವರು ಕಿರೀಟ ಧರಿಸಿದ್ದು 1966ರಲ್ಲಿ, ಪೈನ್ ಸ್ಪ್ರಿಂಗ್ಸಿಗೆ ಕ್ಯಾಮೆರಾ ಬಂದ ವರ್ಷದಲ್ಲಿಯೇ.

ಲೂಥರ್ ಅವರ ಮೊದಲ ಕಥಾಚಿತ್ರ ‘ಫ್ರೈಬ್ರೆಡ್ ಫೇಸ್ ಅಂಡ್ ಮಿ’ 2023ರಲ್ಲಿ ಬಂದಿತು. ಕಥೆ ನಡೆಯುವುದು 1990ರಲ್ಲಿ. ನಗರದ ಹುಡುಗನೊಬ್ಬನನ್ನು ಬೇಸಿಗೆ ರಜೆಯಲ್ಲಿ ಅರಿಜೋನಾದ ಅಜ್ಜಿಯ ಮನೆಗೆ ಕಳುಹಿಸುತ್ತಾರೆ. ಅಜ್ಜಿಗೆ ಇಂಗ್ಲಿಷ್ ಬಾರದು, ಹುಡುಗನಿಗೆ ನವಾಹೋ ಬಾರದು. ಆತನ ಓರಗೆಯ ಹುಡುಗಿಯೊಬ್ಬಳು ಇಬ್ಬರ ನಡುವೆ ದುಭಾಷಿಯಾಗುತ್ತಾಳೆ. ಅಜ್ಜಿ ಕುರಿ ಕಾಯುತ್ತಾಳೆ, ಮಗ್ಗದ ಮುಂದೆ ಕೂರುತ್ತಾಳೆ. ಆ ಪಾತ್ರ ವಹಿಸಿದವರು ವೃತ್ತಿನಟಿಯಲ್ಲ, ನಿಜವಾಗಿಯೂ ನೇಯ್ಗೆಯವರು. ಬೌಮನ್ ಅವರ ಚಿತ್ರದಲ್ಲಿದ್ದ ಸಂಕಟವೇ ಇಲ್ಲಿಯೂ ಇದೆ: ಅದೇ ಅಂಗಳ, ಅದೇ ಮಗ್ಗ, ಅದೇ ಮಾತಿನ ಕೊರತೆ. ಆದರೆ ಇಲ್ಲಿಯ ಅಜ್ಜಿ ಒಪ್ಪಿ ಬಂದವರು, ಪಾತ್ರವೆಂಬ ಮರೆ ಅವರಿಗಿದೆ. ಸ್ವಂತ ಮುಖವನ್ನು ಕಳೆದುಕೊಳ್ಳದೆ ಎಲ್ಲರ ಅಜ್ಜಿಯಾಗುವ ಅವಕಾಶ ಅವರಿಗೆ ದೊರೆಯಿತು. ಬಿಕ್ಕಟ್ಟಿಗೆ ಸಿಕ್ಕಿದ ಸಾಕ್ಷ್ಯಚಿತ್ರಕ್ಕೆ ಕಥಾಚಿತ್ರವೊಂದು ಮೂವತ್ತೇಳು ವರ್ಷಗಳ ಬಳಿಕ ಉತ್ತರ ಕೊಟ್ಟಂತಾಯಿತು.

ಮಾತಿನ ವಿಷಯಕ್ಕೆ ಬಂದರೆ ಇನ್ನೊಂದು ಸಂತೋಷದ ಸಂಗತಿಯಿದೆ. 2013ರ ಜುಲೈ 3ರಂದು ವಿಂಡೋ ರಾಕ್‌ನಲ್ಲಿ ‘ಸ್ಟಾರ್ ವಾರ್ಸ್’ ಚಿತ್ರವನ್ನು ನವಾಹೋ ಭಾಷೆಯಲ್ಲಿ ಪ್ರದರ್ಶಿಸಿದರು. ನವಾಹೋ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮುಂದೆ ನಿಂತು ಮಾಡಿಸಿದ ಕೆಲಸವಿದು. ಭಾಷೆಯನ್ನು ಮಕ್ಕಳ ಕಿವಿಗೆ ಹತ್ತಿರ ತರುವುದು ಉದ್ದೇಶ. ಶಾಲೆಯಲ್ಲಿ ಆಡಿದರೆ ಶಿಕ್ಷೆ ತರುತ್ತಿದ್ದ ಭಾಷೆ ಬಯಲಿನ ತೆರೆಯ ಮೇಲೆ ಆಕಾಶನೌಕೆಗಳನ್ನು ನಡೆಸಿತು. ನವಾಹೋ ಸೀಮೆಯ ಅಂಚಿನ ಗ್ಯಾಲಪ್ ಪಟ್ಟಣದಲ್ಲಿ ಹುಟ್ಟಿದ ಸಿಡ್ನಿ ಫ್ರೀಲ್ಯಾಂಡ್ ಎಂಬ ನಿರ್ದೇಶಕಿ 2014ರಲ್ಲಿ ‘ಡ್ರಂಕ್‌ಟೌನ್ಸ್ ಫೈನೆಸ್ಟ್’ ಎಂಬ ಸ್ವತಂತ್ರ ಚಿತ್ರದಿಂದ ಆರಂಭಿಸಿ, 2024ರಲ್ಲಿ ನವಾಹೋ ಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ತಂಡದ ಕಥೆಯಾದ ‘ರೆಜ್ ಬಾಲ್’ ಮೂಲಕ ಲೋಕದ ಮನೆಮನೆಗಳನ್ನು ತಲಪಿದರು. ದಾರಿ ಅಗಲವಾಗಿದೆ. ಆದರೆ ಮುಳ್ಳು ತುಳಿದು ಮೊದಲು ನಡೆದವರಲ್ಲಿ ಬೌಮನ್ ಒಬ್ಬರು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ನಿಮ್ಮಲ್ಲಿ ಅನೇಕರು ಈಗ ಊರಿಗೆ ಬಂದಾಗ ಅಜ್ಜ ಅಜ್ಜಿಯರ ಮಾತು, ಹಾಡು, ಅಡುಗೆಗಳನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳುತ್ತೀರಿ. ಒಳ್ಳೆಯ ಕೆಲಸ, ಅದನ್ನು ಬಿಡಬೇಡಿ. ಅವರ ಜೊತೆಗೆ ಹೋಗಿಬಿಡುವ ಎಷ್ಟೋ ಸಂಗತಿಗಳು ಹಾಗಾದರೂ ಉಳಿದಾವು. ಆದರೆ ಫೋನು ಎತ್ತುವ ಮುನ್ನ ಒಂದು ಮಾತು ಕೇಳಿ. ಬೇಡವೆಂದರೆ ಪಕ್ಕಕ್ಕಿಟ್ಟು ಅವರ ಹತ್ತಿರ ಕುಳಿತುಕೊಳ್ಳಿ. ಸಾಧ್ಯವಾದರೆ ಆಲ್ಟಾ ಕಾನ್ ಅವರ ಮಗಳಂತೆ ಆ ಯಂತ್ರವನ್ನು ಅವರ ಕೈಗೇ ಕೊಟ್ಟು, ತಮಗೆ ತೋಚಿದ್ದನ್ನು ಅವರೇ ತೆಗೆಯಲೆಂದು ಬಿಡಿ. ಅವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಎಂಬುದೂ ನಾವು ತಿಳಿಯಬೇಕಾದದ್ದೇ.

ಸ್ಯಾಮ್ ಯಾಜಿಯವರ ಪ್ರಶ್ನೆಗೆ ಆ ದಿನ ವಿದ್ವಾಂಸರಲ್ಲಿ ಉತ್ತರವಿರಲಿಲ್ಲ. ಚಿತ್ರದಿಂದ ಕುರಿಗೇನು ಲಾಭ ಎಂಬ ಆ ಪ್ರಶ್ನೆಯನ್ನು ‘ನಾನು ತೆಗೆಯುವ ಈ ಚಿತ್ರದಿಂದ ಚಿತ್ರದಲ್ಲಿರುವವರಿಗೇನು ಒಳಿತು’ ಎಂದು ತಿರುಗಿಸಿಕೊಂಡರೆ ಅದು ನಮ್ಮೆಲ್ಲರ ಪ್ರಶ್ನೆಯಾಗುತ್ತದೆ. ಕ್ಯಾಮೆರಾ ಹಿಡಿದವರು ಮಾತ್ರವಲ್ಲ, ಇನ್ನೊಬ್ಬರ ಬದುಕನ್ನು ಕುರಿತು ಬರೆಯುವ ನನ್ನಂಥವರೂ ಅದಕ್ಕೆ ಉತ್ತರ ಹೇಳಬೇಕು.